ಮುನ್ನೂರರ ಕಾರು, ಮೂವತ್ತರ ಊರು

ಇಟಲಿಯ ಬೊಲೊನ್ಯಾ ನಗರ 2024ರ ಜನವರಿಯಲ್ಲಿ ತನ್ನ ಬಹುತೇಕ ರಸ್ತೆಗಳಿಗೆ ಗಂಟೆಗೆ 30 ಕಿಲೋಮೀಟರಿನ ವೇಗಮಿತಿ ಹಾಕಿತು. ಆ ದೇಶದ ದೊಡ್ಡ ನಗರಗಳಲ್ಲಿ ಇಂಥ ನಿಯಮ ತಂದದ್ದು ಅದೇ ಮೊದಲು. ತಮಾಷೆ ಏನೆಂದರೆ, ಬೊಲೊನ್ಯಾದಿಂದ ಮುಕ್ಕಾಲು ಗಂಟೆಯೊಳಗೆ ಹೋಗಿ ತಲುಪಬಹುದಾದ ಸಾಂತಾಗಾತಾ ಎಂಬ ಪುಟ್ಟ ಊರಿನಲ್ಲಿ ಲ್ಯಾಂಬೋರ್ಗಿನಿ ಕಾರ್ಖಾನೆ ಇದೆ. ಇನ್ನೊಂದು ದಾರಿ ಹಿಡಿದರೆ ಮೊಡೆನಾ, ಅಲ್ಲಿ ಮಸೆರಾಟಿ. ಅದರ ಆಚೆ ಮರನೆಲ್ಲೊ, ಅದು ಫೆರಾರಿಯ ಊರು. ನಡುವೆ ಸಾನ್ ಚೆಸಾರಿಯೋ ಎಂಬಲ್ಲಿ ಪಗಾನಿ. ಗಂಟೆಗೆ ಮುನ್ನೂರು ದಾಟುವ ಕಾರುಗಳ ತವರು ಸೀಮೆಯಿದು. ಅದರ ರಾಜಧಾನಿಯ ಬೀದಿಯಲ್ಲಿ ಮಾತ್ರ ಆ ಕಾರೂ ಸ್ಕೂಟರೂ ಒಂದೇ ವೇಗದಲ್ಲಿ ಹೋಗಬೇಕೆಂದಾಯಿತು.

ಸೂಪರ್‌ಕಾರ್ ಹಿಡಿದು ಯುರೋಪ್ ಸುತ್ತುವ ಆಸೆಯಿರುವವರು ಲೆಕ್ಕಾಚಾರವನ್ನು ಇಲ್ಲಿಂದ ಶುರು ಮಾಡುವುದು ಒಳ್ಳೆಯದು. ಈ ಕಾರುಗಳನ್ನು ಕಟ್ಟಿದ ಖಂಡವೂ ಅವನ್ನು ಕಟ್ಟಿಹಾಕಿದ ಖಂಡವೂ ಒಂದೇ. ವಿಡಿಯೋಗಳಲ್ಲಿ ಕಾಣುವುದು ಖಾಲಿ ರಸ್ತೆ, ಹಿಮದ ಬೆಟ್ಟ, ಎಂಜಿನ್ನಿನ ಆರ್ಭಟ. ನಿಜವಾದ ಪ್ರಯಾಣದಲ್ಲಿ ಹೆಚ್ಚು ಹೊತ್ತು ಕಳೆಯುವುದು ಟೋಲ್‌ಗೇಟು, ಕ್ಯಾಮೆರಾ, ನೆಲಮಾಳಿಗೆಯ ಪಾರ್ಕಿಂಗು ಮತ್ತು ಮುಂದಿರುವ ಲಾರಿಯ ಬೆನ್ನ ಹಿಂದೆ.

ಆಸೆ ನಮ್ಮವರಿಗೂ ಹೊಸದಲ್ಲ. ಮ್ಯೂನಿಕ್, ಸ್ಟಟ್‌ಗಾರ್ಟ್ ಕಡೆ ನೌಕರಿಯಲ್ಲಿರುವ ಕನ್ನಡದ ಹುಡುಗರು ಎರಡು ದಿನ ರಜೆ ಸಿಕ್ಕರೆ ಪೋರ್ಷೆ ಬಾಡಿಗೆ ಎಷ್ಟೆಂದು ನೋಡುತ್ತಾರೆ. ಬೆಂಗಳೂರಿನಿಂದ ಹೋಗುವವರಿಗೆ ಕಾಗದಪತ್ರದ ತಾಪತ್ರಯ ಅಷ್ಟೇನಿಲ್ಲ. ನಮ್ಮ ಆರ್‌ಟಿಒ ಕಚೇರಿಯಲ್ಲೇ 1,000 ರೂಪಾಯಿ ಕಟ್ಟಿದರೆ ಒಂದು ವರ್ಷ ನಡೆಯುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಸಿಗುತ್ತದೆ. ಅದರ ಜತೆ ಇಲ್ಲಿಯ ಡಿಎಲ್ ಇಟ್ಟುಕೊಂಡಿರಬೇಕು, ಅಷ್ಟೆ. ಕಷ್ಟ ಇರುವುದು ಬಾಡಿಗೆ ಕರಾರಿನಲ್ಲಿ. ಕ್ರೆಡಿಟ್ ಕಾರ್ಡಿನ ಮೇಲೆ ಸಾವಿರಾರು ಯೂರೋ ಠೇವಣಿ ತಡೆಹಿಡಿಯುತ್ತಾರೆ. ವಯಸ್ಸು ಇಪ್ಪತ್ತೈದಾಗಿರಬೇಕು, ಕೆಲವು ಕಡೆ ಮೂವತ್ತು. ದಿನಕ್ಕೆ ಇಷ್ಟೇ ಕಿಲೋಮೀಟರ್, ಮೀರಿದರೆ ಪ್ರತಿ ಕಿಲೋಮೀಟರಿಗೂ ಬೇರೆ ದುಡ್ಡು. ಯಾವ ದೇಶಕ್ಕೆ ಹೋಗಬಹುದು, ಯಾವುದಕ್ಕೆ ಹೋಗಬಾರದು ಎಂಬ ಪಟ್ಟಿ ಬೇರೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗಿಗೆ ಕಾರು ಇಳಿಸಬಾರದೆಂಬ ಸಾಲಂತೂ ಹೆಚ್ಚುಕಡಿಮೆ ಎಲ್ಲ ಕರಾರಿನಲ್ಲೂ ಇರುತ್ತದೆ. 1927ರಲ್ಲಿ ತೆರೆದ ಈ 20.8 ಕಿಲೋಮೀಟರಿನ ರೇಸ್ ದಾರಿಯಲ್ಲಿ ಟೋಲ್ ಕೊಟ್ಟು ಯಾರು ಬೇಕಾದರೂ ಓಡಿಸಬಹುದು. ಆದರೆ ಬದಿಯ ತಡೆಗಂಬಿಗೆ ಗುದ್ದಿದರೆ ಕಾರಿನ ರಿಪೇರಿ ಮಾತ್ರವಲ್ಲ, ಆ ಕಂಬಿಯ ಖರ್ಚೂ ನಿಮ್ಮ ತಲೆಗೇ.

ಹಾಗಾದರೆ ವೇಗಕ್ಕೆ ಆಟೋಬಾನ್ ಇದೆಯಲ್ಲ? ಇದೆ. ಜರ್ಮನಿಯ ಈ ಹೆದ್ದಾರಿ ಜಾಲ ಸುಮಾರು 13,000 ಕಿಲೋಮೀಟರ್, ಅದರ ಹೆಚ್ಚಿನ ಭಾಗದಲ್ಲಿ ಕಾರಿಗೆ ಕಾಯಂ ವೇಗಮಿತಿ ಇಲ್ಲ. 1978ರಿಂದ 130 ಎಂಬ ಒಂದು ಸಲಹಾ ವೇಗ ಇದೆ, ಸಲಹೆ ಮಾತ್ರ, ಮೀರಿದರೆ ದಂಡವಿಲ್ಲ. ಹಾಗೆಂದು ಬಿಟ್ಟಿಯೂ ಅಲ್ಲ. 130 ಮೀರಿ ಹೋಗುತ್ತಿದ್ದಾಗ ಅಪಘಾತವಾದರೆ, ತಪ್ಪು ಪೂರ್ತಿ ಎದುರಿನವನದೇ ಆಗಿದ್ದರೂ ನಷ್ಟದ ಒಂದು ಪಾಲನ್ನು ವೇಗದವನೂ ಹೊರಬೇಕಾಗಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1992ರಲ್ಲೇ ಹೇಳಿದೆ. ನಡುವೆ ಪೆಟ್ರೋಲ್ ಮುಗಿದು ನಿಂತರೂ ದಂಡ, ಏಕೆಂದರೆ ಮುಂಜಾಗ್ರತೆ ವಹಿಸಿದ್ದರೆ ತಪ್ಪಿಸಬಹುದಾಗಿದ್ದ ನಿಲುಗಡೆ ಅದು. ಬಲಗಡೆಯಿಂದ ಓವರ್‌ಟೇಕ್ ಮಾಡುವುದಂತೂ ಸುತರಾಂ ಕೂಡದು.

ಕಾನೂನಿಗಿಂತ ದೊಡ್ಡ ತಡೆ ಗಣಿತ. ಗಂಟೆಗೆ 300 ಎಂದರೆ ಸೆಕೆಂಡಿಗೆ 83 ಮೀಟರ್. ಬಲಗಡೆ ಸಾಲಿನಲ್ಲಿ ಲಾರಿಗಳು 80ರ ಆಸುಪಾಸಿನಲ್ಲಿ ಹೋಗುತ್ತಿರುತ್ತವೆ. ಅವುಗಳ ಹಿಂದೆ ಸಿಕ್ಕಿಕೊಂಡ ಮನೆಮಂದಿಯ ಕಾರೊಂದು 100ರಲ್ಲಿ ಎಡಕ್ಕೆ ಹೊರಳುತ್ತದೆ ಅನ್ನಿ. ಹೊರಳುವ ಮುನ್ನ ಆ ಚಾಲಕ ಕನ್ನಡಿ ನೋಡಿಯೇ ಇರುತ್ತಾನೆ, 300 ಮೀಟರ್ ಹಿಂದೆ ಒಂದು ದೀಪದ ಚುಕ್ಕೆ ಕಂಡಿರುತ್ತದೆ, ಬೇಕಾದಷ್ಟು ಜಾಗ ಇದೆ ಅಂದುಕೊಂಡಿರುತ್ತಾನೆ. ಆ ಚುಕ್ಕೆ ಅವನ ಬಂಪರಿಗೆ ಬರಲು ಐದೂವರೆ ಸೆಕೆಂಡ್ ಸಾಕು. ಸೂಪರ್‌ಕಾರಿನ ಬ್ರೇಕು ಎಷ್ಟೇ ಒಳ್ಳೆಯದಿರಲಿ, 300ರಿಂದ ಪೂರ್ತಿ ನಿಲ್ಲಲು ಅದಕ್ಕೂ ಸುಮಾರು 300 ಮೀಟರ್ ಬೇಕು, ಕಾಲು ಬ್ರೇಕಿನ ಮೇಲೆ ಹೋಗುವ ಹೊತ್ತಿನಲ್ಲಿ ಕಳೆಯುವ ದೂರ ಬೇರೆ. ಹೀಗಾಗಿ ಹಗಲಿನ ಆಟೋಬಾನಿನಲ್ಲಿ ಮುನ್ನೂರು ಮುಟ್ಟುವುದೆಂದರೆ ಅಪರಿಚಿತ ಚಾಲಕರ ಅಂದಾಜಿನ ಮೇಲೆ ಜೀವ ಇಟ್ಟಂತೆ. ರಾತ್ರಿ ಊಟ ಮುಗಿಸಿ ಹೊರಟರೆ ಒಂದೆರಡು ನಿಮಿಷ ಸಿಕ್ಕೀತು.

ಇನ್ನೊಂದು ಕೀಟಲೆ ರಸ್ತೆ ಕಾಮಗಾರಿಯದು. ಬೇಸಿಗೆಯಲ್ಲಿ ಆಟೋಬಾನಿನ ಉದ್ದಕ್ಕೂ ಅಲ್ಲಲ್ಲಿ ರಿಪೇರಿ ನಡೆದಿರುತ್ತದೆ. ಅಂಥ ಕಡೆ ಎಡಗಡೆಯ ವೇಗದ ಸಾಲನ್ನು ಕಿರಿದು ಮಾಡಿ, ಕನ್ನಡಿಗಳೂ ಸೇರಿ 2 ಮೀಟರ್ ಅಥವಾ 2.1 ಮೀಟರ್ ಅಗಲದೊಳಗಿನ ಗಾಡಿಗಳಿಗೆ ಮಾತ್ರ ಎಂದು ಫಲಕ ಹಾಕುತ್ತಾರೆ. ಲ್ಯಾಂಬೋರ್ಗಿನಿ ಅವೆಂಟಡೋರಿನ ಅಗಲ ಕನ್ನಡಿ ಸೇರಿ 2.26 ಮೀಟರ್. ಅಲ್ಲಿಗೆ, ಕೋಟಿಗಟ್ಟಲೆ ಬೆಲೆಯ ಕಾರು ಸಿಮೆಂಟ್ ಲಾರಿಗಳ ನಡುವೆ ಬಲಗಡೆ ಸಾಲಿನಲ್ಲಿ ತೆವಳುತ್ತದೆ, ಎಡಗಡೆ ಸಣ್ಣ ಫಿಯಟ್‌ಗಳು ಕೈಬೀಸಿ ಮುಂದೆ ಹೋಗುತ್ತವೆ. ಫಲಕ ನೋಡದೆ ಎಡಕ್ಕೆ ನುಗ್ಗಿದರೆ ದಂಡವೂ ಉಂಟು.

ವೇಗದ ಬೆಲೆಯನ್ನು ಪೆಟ್ರೋಲಿನಲ್ಲೂ ಅಳೆಯಬಹುದು. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಬುಗಾಟಿ ವೇರಾನ್ ತನ್ನ ಗರಿಷ್ಠ ವೇಗ 407ರಲ್ಲಿ ಓಡಿದರೆ 100 ಲೀಟರಿನ ಟ್ಯಾಂಕು 12 ನಿಮಿಷಕ್ಕೆ ಖಾಲಿ ಎಂದು ತಯಾರಿಸಿದವರೇ ಹೇಳುತ್ತಿದ್ದರು. ಆ ವೇಗಕ್ಕೆ ಟೈರು ಬಾಳುವುದು ಕಾಲು ಗಂಟೆ. ಲೆಕ್ಕ ಹಾಕಿದರೆ 80 ಚಿಲ್ಲರೆ ಕಿಲೋಮೀಟರಿಗೆ ನೂರು ಲೀಟರ್. ಟೈರು ಸವೆಯುವ ಮೊದಲೇ ಪೆಟ್ರೋಲ್ ಮುಗಿಯುತ್ತದೆ ಎಂಬುದೊಂದೇ ಸಮಾಧಾನ.

ಅದರ ನಂತರದ ಶಿರೋನ್ ಕಾರಿನಲ್ಲಿ ಜೆಕ್ ದೇಶದ ಶ್ರೀಮಂತರೊಬ್ಬರು 2021ರಲ್ಲಿ ಬರ್ಲಿನ್ ಮತ್ತು ಹ್ಯಾನೋವರ್ ನಡುವಿನ ಎ2 ಹೆದ್ದಾರಿಯಲ್ಲಿ 417 ಮುಟ್ಟಿದರು. ಭಾನುವಾರ ಬೆಳಗಿನ ಜಾವ, ನೇರ ರಸ್ತೆ, ಮಿತಿಯಿಲ್ಲದ ಭಾಗ. ಮುಂದಿನ ವರ್ಷ ಅವರು ವಿಡಿಯೋ ಹರಿಯಬಿಟ್ಟಾಗ ಸಾರಿಗೆ ಸಚಿವಾಲಯವೇ ಆಕ್ಷೇಪಿಸಿತು, ಸರ್ಕಾರಿ ಅಭಿಯೋಜಕರು ತನಿಖೆಗಿಳಿದರು. ಏಕೆಂದರೆ 2017ರಿಂದ ಜರ್ಮನಿಯಲ್ಲಿ ರಸ್ತೆಯ ಮೇಲಿನ ರೇಸ್ ಕ್ರಿಮಿನಲ್ ಅಪರಾಧ. ಎದುರಾಳಿಯಿಲ್ಲದೆ ಒಬ್ಬನೇ ತನ್ನ ಕಾರಿನ ಗರಿಷ್ಠ ವೇಗ ಮುಟ್ಟಲೆಂದು ಬೇಜವಾಬ್ದಾರಿಯಿಂದ ಓಡಿಸಿದರೂ ಅದು ರೇಸೇ. ಕೊನೆಗೆ ಪ್ರಕರಣ ಕೈಬಿಟ್ಟರು. ಆದರೆ ಮಿತಿಯಿಲ್ಲದ ರಸ್ತೆಯಲ್ಲಿ ವೇಗವಾಗಿ ಹೋದದ್ದಕ್ಕೆ ತನಿಖೆ ನಡೆಯಿತು ಎಂಬುದನ್ನು ಬಾಡಿಗೆ ಕಾರಿನಲ್ಲಿ ಹೋಗುವವರು ನೆನಪಿಡಬೇಕು. ಅವರ ಪರ ವಾದಿಸಲು ಒಳ್ಳೆಯ ವಕೀಲರ ತಂಡ ಇರುವುದಿಲ್ಲ.

ಜರ್ಮನಿಯ ಗಡಿ ದಾಟಿದ ಮೇಲೆ ಆ ಸ್ವಾತಂತ್ರ್ಯವೂ ಮುಗಿಯಿತು. ಆಸ್ಟ್ರಿಯಾದಲ್ಲಿ 130. 2024ರ ಮಾರ್ಚಿನಿಂದ ಅಲ್ಲಿ ಹೊಸ ಕಾನೂನಿದೆ: ಊರೊಳಗೆ ಮಿತಿಗಿಂತ 80, ಊರ ಹೊರಗೆ 90 ಹೆಚ್ಚು ವೇಗದಲ್ಲಿ ಸಿಕ್ಕಿಬಿದ್ದರೆ ಕಾರನ್ನೇ ಮುಟ್ಟುಗೋಲು ಹಾಕಿಕೊಂಡು ಹರಾಜು ಹಾಕಬಹುದು. ಬಾಡಿಗೆ ಕಾರು ಬೇರೆಯವರ ಸೊತ್ತಾದ್ದರಿಂದ ಹರಾಜಾಗುವುದಿಲ್ಲ, ಓಡಿಸಿದವನಿಗೆ ಮಾತ್ರ ಶಿಕ್ಷೆ. ಫ್ರಾನ್ಸಿನಲ್ಲಿ ಒಣ ರಸ್ತೆಗೆ 130, ಮಳೆ ಬಂದರೆ 110. ಮಿತಿಗಿಂತ ಐವತ್ತು ಹೆಚ್ಚಾದರೆ ಲೈಸೆನ್ಸ್ ಸ್ಥಳದಲ್ಲೇ ಕಿತ್ತುಕೊಳ್ಳುತ್ತಾರೆ, ಗಾಡಿಯನ್ನೂ ಒಯ್ಯಬಹುದು. ಅಲ್ಲಿಂದ ಮುಂದೆ ಪ್ರಯಾಣ ರೈಲಿನಲ್ಲಿ.

ಎಲ್ಲರಿಗಿಂತ ಗಟ್ಟಿಗರು ಸ್ವಿಸ್ಸರು. 120ರ ಹೆದ್ದಾರಿಯಲ್ಲಿ 200 ಮುಟ್ಟಿದರೆ ಅದು ಟ್ರಾಫಿಕ್ ಉಲ್ಲಂಘನೆಯಲ್ಲ, ಜೈಲಿಗೆ ಕಳಿಸಬಹುದಾದ ಅಪರಾಧ, 2013ರಿಂದ ಹೀಗೆ. ಮೇಲಾಗಿ ಗಂಭೀರ ಪ್ರಕರಣಗಳಲ್ಲಿ ದಂಡವನ್ನು ತಪ್ಪಿತಸ್ಥನ ವರಮಾನ ನೋಡಿ ನಿಗದಿ ಮಾಡುತ್ತಾರೆ. 2010ರಲ್ಲಿ ಹಳ್ಳಿಯೊಂದರ ನಡುವೆ ಫೆರಾರಿ ಟೆಸ್ಟರೋಸಾ ಓಡಿಸಿದ ಸಿರಿವಂತನಿಗೆ ಬಿದ್ದದ್ದು ಸುಮಾರು 3 ಲಕ್ಷ ಫ್ರಾಂಕ್. ಫಿನ್ಲೆಂಡಿನಲ್ಲೂ ಇದೇ ಪದ್ಧತಿ. ಅಲ್ಲಿಯ ಉದ್ಯಮಿಯೊಬ್ಬರು 2023ರಲ್ಲಿ 50ರ ಜಾಗದಲ್ಲಿ 82ರಲ್ಲಿ ಹೋಗಿ 1,21,000 ಯೂರೋ ಕಟ್ಟಿದರು. ನನಗೆ ಇದು ನ್ಯಾಯವೆಂದೇ ಕಾಣುತ್ತದೆ. ಐನೂರು ರೂಪಾಯಿ ದಂಡವನ್ನು ಟಿಪ್ಸ್ ಎಂದು ತಿಳಿಯುವವರಿಗೆ ದಂಡ ಎಂದರೇನೆಂದು ತಿಳಿಸಲು ಬೇರೆ ದಾರಿ ಇಲ್ಲ.

ಇಷ್ಟೊಂದು ಬಿಗಿ ಯಾಕೆ ಬಂತು? ಯುರೋಪ್ ಇದನ್ನು ಪುಸ್ತಕ ಓದಿ ಕಲಿಯಲಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಊರಿಂದೂರಿಗೆ ಭರದಿಂದ ಓಡಿಸುವ ಹುಚ್ಚು ಹುಟ್ಟಿದ್ದೇ ಅಲ್ಲಿ. 1903ರ ಪ್ಯಾರಿಸ್–ಮ್ಯಾಡ್ರಿಡ್ ಓಟದಲ್ಲಿ ಚಾಲಕರೂ ದಾರಿಬದಿಯ ಜನರೂ ಸಾಯತೊಡಗಿದ್ದರಿಂದ ಅದನ್ನು ಬೋರ್ಡೋದಲ್ಲೇ ನಿಲ್ಲಿಸಬೇಕಾಯಿತು. ಸತ್ತವರಲ್ಲಿ ರೆನೋ ಕಂಪನಿ ಕಟ್ಟಿದ ಸೋದರರಲ್ಲೊಬ್ಬರಾದ ಮಾರ್ಸೆಲ್ ರೆನೋ ಕೂಡ ಇದ್ದರು. ಆದರೂ ಹುಚ್ಚು ಬಿಡಲಿಲ್ಲ. 1927ರಲ್ಲಿ ಇಟಲಿಯಲ್ಲಿ ಮಿಲ್ಲೆ ಮಿಲ್ಯಾ ಶುರುವಾಯಿತು: ಬ್ರೆಶಾದಿಂದ ರೋಮಿಗೆ ಹೋಗಿ ಮತ್ತೆ ಬ್ರೆಶಾಕ್ಕೆ, ಸುಮಾರು 1,600 ಕಿಲೋಮೀಟರ್, ಹಳ್ಳಿ ಪೇಟೆಗಳ ನಡುವೆಯೇ.

ಆ ಓಟದ 1955ರ ಆವೃತ್ತಿ ಒಂದು ದಂತಕತೆ. ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್ 300 ಎಸ್‌ಎಲ್‌ಆರ್ ಓಡಿಸುತ್ತಿದ್ದರು. ಕಾರಿನ ನಂಬರು 722, ಏಕೆಂದರೆ ಹೊರಟದ್ದು ಬೆಳಿಗ್ಗೆ 7.22ಕ್ಕೆ. ಪಕ್ಕದಲ್ಲಿ ಗಡ್ಡಧಾರಿ ಪತ್ರಕರ್ತ ಡೆನಿಸ್ ಜೆಂಕಿನ್ಸನ್. ಅವರಿಬ್ಬರೂ ಮೊದಲೇ ದಾರಿಯನ್ನು ಸುತ್ತಿ, ಒಂದೊಂದು ತಿರುವು, ಒಂದೊಂದು ದಿಬ್ಬ ಗುರುತು ಹಾಕಿಕೊಂಡಿದ್ದರು. ಆ ಟಿಪ್ಪಣಿಯನ್ನೆಲ್ಲ ಉದ್ದನೆಯ ಕಾಗದದ ಸುರುಳಿ ಮಾಡಿ, ಪಾರದರ್ಶಕ ಕಿಂಡಿಯಿದ್ದ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದು, ಆದ್ದರಿಂದ ಜೆಂಕಿನ್ಸನ್ ಸುರುಳಿ ತಿರುಗಿಸುತ್ತ ಕೈಸನ್ನೆ ಮಾಡುತ್ತಿದ್ದರು. ದಿಬ್ಬದ ಆಚೆ ರಸ್ತೆ ನೇರ ಎಂದು ಆ ಕೈ ಹೇಳಿದರೆ ಮಾಸ್ ಕಾಣದ ರಸ್ತೆಗೆ ಕಾಲೆತ್ತದೆ ನುಗ್ಗುತ್ತಿದ್ದರು. ಹತ್ತು ಗಂಟೆ ಏಳು ನಿಮಿಷ ಚಿಲ್ಲರೆಯಲ್ಲಿ ಮುಗಿಸಿದರು, ಸರಾಸರಿ ಗಂಟೆಗೆ 157 ಕಿಲೋಮೀಟರ್. ಇಂದು ಅದೇ ದಾರಿಯನ್ನು ಅದರ ಅರ್ಧ ವೇಗದಲ್ಲಿ ಮುಗಿಸಲೂ ಯಾವ ಸೂಪರ್‌ಕಾರಿಗೂ ಕಾನೂನು ಬಿಡುವುದಿಲ್ಲ.

ಆರು ವಾರ ಕಳೆದು ಲೆ ಮಾನ್ಸ್ ಪಂದ್ಯದಲ್ಲಿ ಅದೇ ಮಾದರಿಯ ಇನ್ನೊಂದು ಮರ್ಸಿಡಿಸ್ ಜನರ ಮೇಲೆ ಹಾರಿಬಿದ್ದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದಾದ ಮೇಲೆ ಸ್ವಿಟ್ಜರ್ಲೆಂಡ್ ದಶಕಗಳ ಕಾಲ ತನ್ನ ನೆಲದಲ್ಲಿ ಸರ್ಕ್ಯೂಟ್ ರೇಸನ್ನೇ ನಿಷೇಧಿಸಿತು. 1957ರ ಮಿಲ್ಲೆ ಮಿಲ್ಯಾದಲ್ಲಿ ಗುಯ್ದಿತ್ಸೋಲೊ ಎಂಬಲ್ಲಿ ಫೆರಾರಿಯೊಂದರ ಟೈರು ಸಿಡಿದು ಚಾಲಕ ದೆ ಪೋರ್ತಾಗೊ, ಅವರ ಜೊತೆಗಾರ ಮತ್ತು ಒಂಬತ್ತು ಪ್ರೇಕ್ಷಕರು ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಓಟ ಅಲ್ಲಿಗೆ ನಿಂತಿತು. ಎಂಜೋ ಫೆರಾರಿ ಮೇಲೆ ಮೊಕದ್ದಮೆ ಬಿದ್ದು ಖುಲಾಸೆಯಾಗಲು 1961 ಬರಬೇಕಾಯಿತು. ಬೊಲೊನ್ಯಾದ 30ರ ಫಲಕದ ಹಿಂದೆ ಈ ಇಡೀ ಲೆಕ್ಕವಿದೆ.

ಇನ್ನು ಕಾರಿನ ಸ್ವಂತ ಸಂಕಟಗಳು. ಸೂಪರ್‌ಕಾರಿನ ಹೊಟ್ಟೆ ನೆಲದಿಂದ ನಾಲ್ಕೈದು ಅಂಗುಲ ಮೇಲಿರುತ್ತದೆ. ಹಂಪ್ ಬಂದಾಗ ಗುಂಡಿ ಒತ್ತಿದರೆ ಮೂತಿ ನಾಲ್ಕು ಸೆಂಟಿಮೀಟರಿನಷ್ಟು ಮೇಲೇಳುತ್ತದೆ. ಆದರೆ ಅದಕ್ಕೆ ಕೆಲವು ಸೆಕೆಂಡ್ ಬೇಕು, ಅಷ್ಟು ಹೊತ್ತಿಗೆ ಹಿಂದಿನವನು ಹಾರ್ನ್ ಹೊಡೆದಿರುತ್ತಾನೆ. ಹಳೆಯ ಊರುಗಳಲ್ಲಿ ಹೋಟೆಲ್ ಪಾರ್ಕಿಂಗ್ ನೆಲದಡಿ ಇರುತ್ತದೆ. ಇಳಿಜಾರು ಕಡಿದು, ತಿರುವು ಇಕ್ಕಟ್ಟು, ಗೋಡೆಗಳ ಮೇಲೆ ಹಿಂದೆ ಬಂದವರು ಸವರಿಹೋದ ಬಣ್ಣಗಳ ಗೆರೆ. ಜೊತೆಗಿರುವವರು ಕೆಳಗಿಳಿದು, ಮಂಡಿಯೂರಿ, ಬಂಪರಿನ ಅಡಿ ನೋಡುತ್ತ "ಬಾ, ಬಾ, ಸಾಕು" ಅನ್ನಬೇಕು. ಅಂತಹ ಕಾರುಗಳಲ್ಲಿ ಕೂತವರಿಗೆ ಹಿಂದಿನ ಗಾಜಿನಲ್ಲಿ ಕಾಣುವುದು ಎಂಜಿನ್ ಮಾತ್ರ.

ಸಾಮಾನಿನ ಸಂಗತಿ ಕೇಳಲೇಬೇಡಿ. ಎಂಜಿನ್ ಬೆನ್ನ ಹಿಂದೆ ಇರುವುದರಿಂದ ಡಿಕ್ಕಿ ಮುಂದಿರುತ್ತದೆ. ಲ್ಯಾಂಬೋರ್ಗಿನಿ ಹುರಕಾನಿನದು ಸುಮಾರು 100 ಲೀಟರ್, ಸಣ್ಣ ಹ್ಯಾಚ್‌ಬ್ಯಾಕಿನ ಡಿಕ್ಕಿಯ ಅರ್ಧಕ್ಕೂ ಕಡಿಮೆ. ಇಬ್ಬರ ಹತ್ತು ದಿನದ ಬಟ್ಟೆ ಮೆತ್ತನೆಯ ಚೀಲಗಳಲ್ಲಿ ಹೇಗೋ ತುರುಕಬೇಕು, ಚಕ್ರದ ಸೂಟ್‌ಕೇಸಿಗೆ ಜಾಗವಿಲ್ಲ. ಸ್ಟೆಪ್ನಿ ಟೈರೂ ಇಲ್ಲ. ಪಂಕ್ಚರಾದರೆ ಅಂಟು ತುಂಬುವ ಕಿಟ್ಟು. ಟೈರು ಸೀಳಿದರೆ ಆ ಅಳತೆಯದು ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ, ದೊಡ್ಡ ಊರಿನಿಂದ ಬರುವ ತನಕ ಕಾಯಬೇಕು. ಬಂಕಿನಲ್ಲಿ 98 ಆಕ್ಟೇನ್ ಪೆಟ್ರೋಲೇ ಬೇಕು. ಯುರೋಪಿನ ಬಂಕುಗಳಲ್ಲಿ 2018ರಿಂದ ಪೆಟ್ರೋಲಿಗೆ ದುಂಡಗಿನ ಗುರುತು, ಡೀಸೆಲಿಗೆ ಚೌಕದ ಗುರುತು ಇರುವುದರಿಂದ ಭಾಷೆ ಬಾರದವರಿಗೂ ಅಷ್ಟು ಸುಲಭವಾಗಿದೆ.

ಟೋಲ್‌ಗೇಟಿನದೇ ಬೇರೆ ಕತೆ. ಇಟಲಿ, ಫ್ರಾನ್ಸಿನ ಹೆದ್ದಾರಿಗಳಲ್ಲಿ ಹತ್ತುವಾಗ ಯಂತ್ರದಿಂದ ಚೀಟಿ ತೆಗೆದುಕೊಂಡು ಇಳಿಯುವಾಗ ದುಡ್ಡು ಕಟ್ಟಬೇಕು. ಯಂತ್ರದಲ್ಲಿ ಎರಡು ಕಿಂಡಿ, ಲಾರಿಗೆ ಮೇಲೆ, ಕಾರಿಗೆ ಕೆಳಗೆ. ಸೂಪರ್‌ಕಾರಿನವನು ಆ ಕೆಳಗಿನ ಕಿಂಡಿಗೂ ಕೆಳಗೆ ಕೂತಿರುತ್ತಾನೆ. ಕಿಟಕಿ ಕಿರಿದು, ಬಾಗಿಲು ದಪ್ಪ. ಹತ್ತಿರ ನಿಲ್ಲಿಸೋಣವೆಂದರೆ ಕಟ್ಟೆಗೆ ಚಕ್ರದ ರಿಮ್ ಉಜ್ಜುವ ಭಯ, ದೂರ ನಿಲ್ಲಿಸಿದರೆ ಕೈ ಎಟುಕದು. ಬೆಲ್ಟ್ ಬಿಚ್ಚಿ, ಅರ್ಧ ಮೈ ಹೊರಹಾಕಿ, ಬೆರಳ ತುದಿಯಲ್ಲಿ ಚೀಟಿ ಎಳೆಯುವ ಆ ಭಂಗಿಯನ್ನು ಯಾರೂ ಫೋಟೋ ಹಿಡಿದು ಹಾಕಿಕೊಳ್ಳುವುದಿಲ್ಲ. ಇಟಲಿಯಲ್ಲಿ ಹಳದಿ ಫಲಕದ ಸಾಲು ಟೆಲಿಪಾಸ್ ಯಂತ್ರ ಇದ್ದವರಿಗೆ ಮಾತ್ರ. ಅವಸರದಲ್ಲಿ ಅದಕ್ಕೆ ನುಗ್ಗಿದರೆ ಗೇಟು ತೆರೆಯದೆ ಹಿಂದೆ ಸರತಿ ಬೆಳೆಯುತ್ತದೆ.

ಹಾಗಾದರೆ ಸುಖ ಎಲ್ಲಿ? ಬೆಟ್ಟದಲ್ಲಿ, ಆದರೆ ಎಲ್ಲ ಬೆಟ್ಟದಲ್ಲೂ ಅಲ್ಲ. ಎಲ್ಲರೂ ಹೋಗುವ ಸ್ಟೆಲ್ವಿಯೋ ಘಾಟಿ 2,757 ಮೀಟರ್ ಎತ್ತರದ್ದು. ಹ್ಯಾಬ್ಸ್‌ಬರ್ಗ್ ಅರಸರು ಲೊಂಬಾರ್ಡಿಗೆ ನೇರ ದಾರಿ ಬೇಕೆಂದು ಎಂಜಿನಿಯರ್ ಕಾರ್ಲೊ ದೊನೆಗಾನಿಯಿಂದ 1820ರಿಂದ 1825ರ ನಡುವೆ ಕಟ್ಟಿಸಿದ್ದು, ಕುದುರೆ ಗಾಡಿಗಳಿಗಾಗಿ. ಟ್ರಾಫೊಯ್ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್ ತಿರುವು, ಒಂದೊಂದಕ್ಕೂ ನಂಬರಿನ ಕಲ್ಲು. ಆಗುಂಬೆಯ 14 ತಿರುವಿಗೆ ಹೊಟ್ಟೆ ತೊಳಸುವವರು ಲೆಕ್ಕ ಹಾಕಿಕೊಳ್ಳಲಿ. ಚಿತ್ರದಲ್ಲಿ ಎಂಥ ಚೆಂದ! ಆದರೆ ಎರಡು ಮೀಟರ್ ಅಗಲದ ಕಾರಿಗೆ ಅದೊಂದು ಶಿಕ್ಷೆ. ಮುಂದೆ ಸೈಕಲ್ಲಿನವರ ಸಾಲು, ಎದುರಿಗೆ ಬಸ್ಸು, ಮಗ್ಗುಲಲ್ಲಿ ಮೋಟರ್‌ಬೈಕು. ಮೊದಲ ಗೇರು, ಎರಡನೇ ಗೇರು, ಮತ್ತೆ ಮೊದಲು. ಎಂಜಿನ್ ಕಾದು ಫ್ಯಾನ್ ಅರಚುತ್ತದೆ. ವರ್ಷದಲ್ಲಿ ಸುಮಾರು ಅರ್ಧ ಕಾಲ ಹಿಮಕ್ಕೆ ಮುಚ್ಚಿರುತ್ತದೆ, ಆದ್ದರಿಂದ ಎಲ್ಲರೂ ಬೇಸಿಗೆಯಲ್ಲೇ ಮುಗಿಬೀಳುತ್ತಾರೆ.

ನನ್ನ ಮತ ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ದಾರಿಗೆ. 1935ರಲ್ಲಿ ತೆರೆದದ್ದು, 48 ಕಿಲೋಮೀಟರ್, 36 ಹೇರ್‌ಪಿನ್, ದುಬಾರಿ ಟೋಲ್. ಕಾರುಗಳಿಗೆಂದೇ ಕಟ್ಟಿದ್ದರಿಂದ ತಿರುವುಗಳು ಅಗಲ, ನೋಟ ದೂರದವರೆಗೆ. ಬಸ್ಸುಗಳು ಬರುವ ಮುನ್ನ ಬೆಳಿಗ್ಗೆಯೇ ಹತ್ತಿದರೆ 60ರ ವೇಗದಲ್ಲೇ ಆ ಕಾರು ಏನೆಂದು ಗೊತ್ತಾಗುತ್ತದೆ: ಸ್ಟೇರಿಂಗಿನ ಹಿಡಿತ, ಬ್ರೇಕಿನ ಕಚ್ಚು, ಕಿವಿಯ ಹಿಂದೆಯೇ ಏರುವ ಎಂಜಿನ್ನಿನ ದನಿ. ಹುರಕಾನಿನಲ್ಲಿ ಎರಡನೇ ಗೇರು ಮುಗಿಯುವುದರೊಳಗೆ 100 ದಾಟಿರುತ್ತದೆ. ಉಳಿದ ಐದು ಗೇರು ರಸ್ತೆಯ ಮಟ್ಟಿಗೆ ಒಡವೆ ಇದ್ದಂತೆ.

ಹೀಗಾಗಿ ಕೇಳಿದವರಿಗೆ ನಾನು ಹೇಳುವುದಿಷ್ಟು: ದೂರದ ದಾರಿಗೆ ಒಳ್ಳೆಯ ಸಾಧಾರಣ ಕಾರು ತೆಗೆದುಕೊಳ್ಳಿ, ಸೂಪರ್‌ಕಾರನ್ನು ಒಂದು ದಿನಕ್ಕೆ ಮಾತ್ರ, ಸರಿಯಾದ ಜಾಗದಲ್ಲಿ ಬಾಡಿಗೆ ಹಿಡಿಯಿರಿ. ಆ ಜಾಗ ಮರನೆಲ್ಲೊ ಆಗಬಹುದು. ಫೆರಾರಿ ವಸ್ತುಸಂಗ್ರಹಾಲಯದ ಆಸುಪಾಸಿನಲ್ಲಿ ಹತ್ತು ನಿಮಿಷದ ಲೆಕ್ಕದಲ್ಲೂ ಕಾರು ಕೊಡುವ ಅಂಗಡಿಗಳಿವೆ. ಊರ ಹಿಂದೆಯೇ ಅಪೆನೈನ್ ಗುಡ್ಡಗಳು. ಫಾರ್ಮುಲಾ ಒನ್‌ನಲ್ಲಿ ಫೆರಾರಿ ಗೆದ್ದರೆ ಚರ್ಚಿನ ಗಂಟೆ ಹೊಡೆಯುವ ಊರದು. ಕಾರು ನೋಡಲು ಬಂದವರನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಟ್ರ್ಯಾಕ್ಟರ್ ಮಾರಿ ಹಣ ಮಾಡಿದ ಫೆರುಚೋ ಲ್ಯಾಂಬೋರ್ಗಿನಿ 1963ರಲ್ಲಿ ಕಾರಿಗೆ ಕೈಹಾಕಿದ ಸಾಂತಾಗಾತಾ ಕೂಡ ಇದೇ ಸೀಮೆಯಲ್ಲಿದೆ.

ಇಟಲಿಯಲ್ಲಿ ಹುರಕಾನನ್ನು ಕಾನೂನುಬದ್ಧವಾಗಿ ಪೂರ್ತಿ ಓಡಿಸುವವರು ಒಬ್ಬರೇ, ಹೆದ್ದಾರಿ ಪೊಲೀಸರು. ಅವರ ಕಾರಿನ ಮುಂದಿನ ಡಿಕ್ಕಿಯಲ್ಲಿ ಅಂಗಾಂಗ ಸಾಗಿಸಲು ತಂಪುಪೆಟ್ಟಿಗೆ ಇದೆ. 2020ರ ನವೆಂಬರಿನಲ್ಲಿ ಪಾದುವಾದಿಂದ ರೋಮಿಗೆ ಕಸಿಗಾಗಿ ಒಂದು ಮೂತ್ರಪಿಂಡವನ್ನು ಸುಮಾರು ಎರಡು ಗಂಟೆಯಲ್ಲಿ ಮುಟ್ಟಿಸಿದರು, ಸರಾಸರಿ 230ರ ವೇಗದಲ್ಲಿ. ಉಳಿದವರಿಗೆ ಅದೇ ಹೆದ್ದಾರಿಯಲ್ಲಿ ಟ್ಯೂಟರ್ ಎಂಬ ವ್ಯವಸ್ಥೆ ಕಾದಿದೆ. ಅದು ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗ ಅಳೆಯುವುದರಿಂದ ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಹಾಕುವ ಜಾಣತನ ನಡೆಯುವುದಿಲ್ಲ. ಊರುಗಳ ಹಳೇಪೇಟೆಯೊಳಗೆ ಹೊರಗಿನ ಗಾಡಿ ಹೋಗಕೂಡದೆಂಬ ವಲಯಗಳಿವೆ, ಅಲ್ಲಿಯೂ ಕ್ಯಾಮೆರಾ. ನ್ಯಾವಿಗೇಶನ್ ನಂಬಿ ಹೋಟೆಲ್ ಹುಡುಕುತ್ತ ಮೂರು ಸಲ ಸುತ್ತಿದರೆ ಮೂರು ದಂಡ. ಬಾಡಿಗೆ ಕಂಪನಿ ವಿಳಾಸ ಕೊಟ್ಟದ್ದಕ್ಕೆ ತನ್ನ ಶುಲ್ಕವನ್ನು ಬೇರೆ ಕತ್ತರಿಸಿಕೊಳ್ಳುತ್ತದೆ. ಪರದೇಶದವರಿಗೆ ನೋಟಿಸ್ ಕಳಿಸಲು ಇಟಲಿಯ ಕಾನೂನು 360 ದಿನದವರೆಗೆ ಅವಕಾಶ ಕೊಟ್ಟಿದೆ. ಪ್ರವಾಸದ ಫೋಟೋ ನೋಡಿ ನೆಂಟರಿಗೂ ಬೇಸರ ಬಂದ ಮೇಲೆ ಲಕೋಟೆ ಜಯನಗರದ ಮನೆಗೆ ಬರುತ್ತದೆ. ತಲುಪಿದ 5 ದಿನದೊಳಗೆ ಕಟ್ಟಿದರೆ ಶೇಕಡಾ 30 ರಿಯಾಯಿತಿ ಉಂಟು.